ಸೀಮೆಸುಣ್ಣದ ಕೈಗೆ ಕರಣೆ ಭಾರವೇ?

ಹಳೆಯ ಮನೆಯನ್ನು ದುರಸ್ತಿ ಮಾಡುವುದಕ್ಕಿಂತ ಕೆಡವಿ ಹೊಸದನ್ನು ಕಟ್ಟುವುದೇ ಲೇಸೆಂಬ ಮಾತು ನಮ್ಮ ಕಾಸರಗೋಡಿನ ಹಳ್ಳಿಗಳಲ್ಲಿ ಈಗ ವೇದವಾಕ್ಯವಾಗಿ ಕುಳಿತಿದೆ. ಹೀಗೆ ಹೇಳುವವರು ಕಂತ್ರಾಟುದಾರರು ಮಾತ್ರವಾಗಿದ್ದರೆ, ಅದು ಅವರ ಹೊಟ್ಟೆಪಾಡಿನ ಮಾತೆಂದು ಸುಮ್ಮನಿರಬಹುದಾಗಿತ್ತು. ಆದರೆ ಇದನ್ನು ಎಲ್ಲರಿಗಿಂತ ಗಟ್ಟಿಯಾಗಿ ಹೇಳುತ್ತಿರುವವರು ಓದುಬರಹ ಬಲ್ಲ ನಾವು, ಅದರಲ್ಲಿಯೂ ಶಾಲಾ ಶಿಕ್ಷಕರು. ಕಾರಣ ಕೇಳಿದರೆ ಉತ್ತರ ಸಿದ್ಧವಾಗಿರುತ್ತದೆ: ಗೋಡೆಗೆ ತೇವ ಏರುತ್ತಿದೆ; ಸಾರಣೆ ಕಳಚಿ ಬೀಳುತ್ತಿದೆ; ಎಷ್ಟು ಸಲ ಸಿಮೆಂಟು ಬಳಿಸಿದರೂ ನಿಲ್ಲುವುದಿಲ್ಲ; ಹಳೆಯ ಕೆಲಸ ಬಲ್ಲವರು ಸಿಕ್ಕುವುದಿಲ್ಲ. ಈ ನಾಲ್ಕರಲ್ಲಿ ಮೊದಲಿನ ಎರಡು ನಿಜ. ಮೂರನೆಯದು ಆ ಎರಡಕ್ಕೂ ಕಾರಣವೆಂಬುದನ್ನು ಹೇಳುವವರೇ ಅರಿಯರು. ನಾಲ್ಕನೆಯದಕ್ಕೆ ಮಾತ್ರ ನಾವು ನಾಚಿಕೊಳ್ಳಬೇಕು. ಬಲ್ಲವರು ಸಿಕ್ಕದಿದ್ದರೆ ಕಲಿಯಬೇಕೆಂಬುದನ್ನು ದಿನಕ್ಕೆ ಆರು ತಾಸು ಪರರ ಮಕ್ಕಳಿಗೆ ಬೋಧಿಸುವ ನಮಗೆ ಇನ್ನಾರು ಹೇಳಿಕೊಡಬೇಕು?

ನಮ್ಮ ಹಳೆಯ ಮನೆಗಳ ಗೋಡೆ ಎಂಥದೆಂಬುದನ್ನು ಮೊದಲು ನೋಡೋಣ. ಅದು ಮುರಕಲ್ಲಿನದು. ನೆಲದಿಂದ ಕಡಿದು ತೆಗೆಯುವಾಗ ಮೆದುವಾಗಿದ್ದು, ಗಾಳಿಗೆ ಒಡ್ಡಿದಂತೆಲ್ಲ ಗಟ್ಟಿಯಾಗುವುದು ಈ ಕಲ್ಲಿನ ಗುಣ. ಮಲಬಾರಿನ ಅಂಗಡಿಪುರದಲ್ಲಿ ಇದನ್ನು ಕಂಡ ಫ್ರಾನ್ಸಿಸ್ ಬುಕಾನನ್ ಎಂಬ ಪ್ರವಾಸಿಯು 1807ರಲ್ಲಿ ಅಚ್ಚಾದ ತನ್ನ ಗ್ರಂಥದಲ್ಲಿ ಇಟ್ಟಿಗೆ ಎಂಬರ್ಥದ ಲ್ಯಾಟಿನ್ ಶಬ್ದವನ್ನು ಹಿಡಿದು ಇದಕ್ಕೆ ‘ಲ್ಯಾಟರೈಟ್’ ಎಂದು ಹೆಸರಿಟ್ಟನು. ಇಂದು ಜಗತ್ತಿನ ಭೂವಿಜ್ಞಾನದ ಪುಸ್ತಕಗಳಲ್ಲೆಲ್ಲ ಇರುವ ಹೆಸರು ಇದೇ. ಕೆಳದಿಯ ಶಿವಪ್ಪನಾಯಕನು ಕಟ್ಟಿಸಿದನೆನ್ನಲಾಗುವ ಬೇಕಲದ ಕೋಟೆಯೂ ಇದೇ ಕಲ್ಲಿನದು. ಹದಿನೇಳನೆಯ ಶತಮಾನದಿಂದ ಅದು ಸಮುದ್ರದ ಉಪ್ಪುಗಾಳಿಗೆ ಮೈಯೊಡ್ಡಿ ನಿಂತಿದೆ. ಆದುದರಿಂದ ಕಲ್ಲು ದುರ್ಬಲವೆಂಬ ಆರೋಪ ನಿಲ್ಲತಕ್ಕದ್ದಲ್ಲ. ಆದರೆ ಅದು ಮೈಯೆಲ್ಲ ರಂಧ್ರವಾದ ಕಲ್ಲು. ನೀರನ್ನು ಹೀರುತ್ತದೆ, ಹೀರಿದ್ದನ್ನು ಬಿಟ್ಟುಕೊಡುತ್ತದೆ. ಇದನ್ನು ಬಲ್ಲ ಹಿರಿಯರು ಕಲ್ಲುಗಳನ್ನು ಮಣ್ಣಿನ ಗಾರೆಯಿಂದ ಜೋಡಿಸಿ, ಮೇಲೆ ಸುಣ್ಣ ಹೊಯಿಗೆಗಳ ಸಾರಣೆ ಕೊಟ್ಟು, ಅದರ ಮೇಲೆ ವರ್ಷವರ್ಷವೂ ಸುಣ್ಣ ಬಳಿದರು. ವರ್ಷಕ್ಕೆ 3,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಸೀಮೆಯಿದು. ಇಲ್ಲಿ ಗೋಡೆ ಒದ್ದೆಯಾಗದಂತೆ ತಡೆಯುವುದು ಯಾರಿಂದಲೂ ಆಗದ ಕೆಲಸ. ಒದ್ದೆಯಾದ ಗೋಡೆ ಬೇಗ ಆರುವಂತೆ ನೋಡಿಕೊಳ್ಳುವುದು ಆಗುವ ಕೆಲಸ. ಹಿರಿಯರು ಆಗುವ ಕೆಲಸವನ್ನು ಹಿಡಿದರು. ನಾವು ಆಗದ ಕೆಲಸಕ್ಕೆ ಹಣ ಸುರಿಯುತ್ತಿದ್ದೇವೆ.

ಸಿಮೆಂಟಿನ ಮೇಲೆ ನನಗೇನೂ ಹಗೆಯಿಲ್ಲ. 1824ರಲ್ಲಿ ಇಂಗ್ಲೆಂಡಿನ ಜೋಸೆಫ್ ಆಸ್ಪ್‌ಡಿನ್ ಎಂಬವನು ಪೋರ್ಟ್‌ಲೆಂಡ್ ಸಿಮೆಂಟಿಗೆ ಹಕ್ಕುಪತ್ರ ಪಡೆದನು. ನಮ್ಮ ದೇಶದಲ್ಲಿ 1914ರಲ್ಲಿ ಪೋರಬಂದರದ ಕಾರ್ಖಾನೆಯಿಂದ ಅದರ ತಯಾರಿಕೆ ನೆಲೆಗೊಂಡಿತು. ಸೇತುವೆಗೆ, ನೀರಿನ ತೊಟ್ಟಿಗೆ, ಕಾಂಕ್ರೀಟಿನ ತಾರಸಿಗೆ ಅದು ಬೇಕು. ಸಿಮೆಂಟಿನಿಂದಲೇ ಕಟ್ಟಿದ ಹೊಸ ಗೋಡೆಗೆ ಸಿಮೆಂಟಿನ ಸಾರಣೆ ಸಲ್ಲುತ್ತದೆ. ಆದರೆ ಮಣ್ಣುಗಾರೆಯಲ್ಲಿ ನಿಂತ ಮುರಕಲ್ಲಿನ ಗೋಡೆಗೆ ಅದನ್ನು ಬಳಿಯುವುದೆಂದರೆ ಬೆವರುವ ಮೈಗೆ ಮೇಣಗಪ್ಪಡ ಸುತ್ತಿದಂತೆ. ಹಳೆಯ ಗೋಡೆ ಮೆದು. ಬಿಸಿಲಿಗೆ, ಮಳೆಗೆ ಕೂದಲೆಳೆಯಷ್ಟು ಹಿಗ್ಗಿ ಕುಗ್ಗುತ್ತದೆ. ಅದರ ಮೇಲಿನ ಸಿಮೆಂಟು ಬಿಗಿ. ಬಾಗಲಾರದೆ ಸಣ್ಣಗೆ ಬಿರಿಯುತ್ತದೆ. ಆಟಿ ತಿಂಗಳ ಮಳೆ ಆ ಬಿರುಕಿನಲ್ಲಿ ಒಳಹೋಗುತ್ತದೆ; ನೆಲದ ತೇವವೂ ಕೆಳಗಿನಿಂದ ಏರುತ್ತದೆ. ಒಳಬಂದ ನೀರಿಗೆ ಹೊರಹೋಗುವ ದಾರಿ ಮಾತ್ರ ಇಲ್ಲ. ಆಗ ತೇವವು ಮೊದಲು ಮೊಣಕಾಲೆತ್ತರ, ಆಮೇಲೆ ಸೊಂಟದೆತ್ತರ ಏರಿ, ಒಳಗೋಡೆಯಲ್ಲಿ ಬಿಳಿಯ ಉಪ್ಪಾಗಿ ಹೊಮ್ಮುತ್ತದೆ. ಆ ಉಪ್ಪು ಸಾರಣೆಯ ಬೆನ್ನಿನಲ್ಲಿ ಹರಳುಗಟ್ಟಿ, ಸಾರಣೆಯನ್ನು ಕಲ್ಲಿನಿಂದ ನೂಕುತ್ತದೆ. ಒಂದು ದಿನ ಹಲಗೆಯಷ್ಟು ದೊಡ್ಡ ಚಕ್ಕೆ ಕೆಳಗೆ ಬೀಳುತ್ತದೆ. ಬೀಳುವಾಗ ಕಲ್ಲಿನ ಮುಖವನ್ನೂ ಕಿತ್ತುಕೊಂಡು ಬೀಳುತ್ತದೆ.

ಇದನ್ನು ಕಂಡ ಮನೆಯ ಯಜಮಾನನು ಏನು ಮಾಡುತ್ತಾನೆ? ಇನ್ನೂ ಹೆಚ್ಚು ಸಿಮೆಂಟು ಹಾಕಿಸುತ್ತಾನೆ. ಅದರ ಮೇಲೆ ಪುಟ್ಟಿ, ಪುಟ್ಟಿಯ ಮೇಲೆ ಪ್ಲಾಸ್ಟಿಕ್ ಬಣ್ಣ. ಐದಾರು ವರ್ಷಗಳಲ್ಲಿ ಅದೂ ಗುಳ್ಳೆಯೆದ್ದಾಗ, “ಹಳೆಯ ಮನೆ ನೋಡಿ, ಇಷ್ಟೇ ಅದರ ಆಯುಸ್ಸು” ಎಂದು ತೀರ್ಪು ಕೊಡುತ್ತಾನೆ. ವಿಷವಿಕ್ಕಿದವನೇ ಮರಣದ ಸರ್ಟಿಫಿಕೇಟನ್ನು ಬರೆದುಕೊಟ್ಟಂತಾಯಿತು. ನಾಲ್ಕು ತಲೆಮಾರು ಬಾಳಿದ ಚಾವಡಿಗೆ ಹೀಗೆ ಜೇಸೀಬಿ ಬರುತ್ತದೆ.

ಸುಣ್ಣದ ಸಾರಣೆಯ ನಡತೆ ಬೇರೆ. ಅದು ಕಲ್ಲಿಗಿಂತ ಮೆದುವಾಗಿದ್ದು, ನೀರಾವಿಯನ್ನು ಹೊರಬಿಡುತ್ತದೆ. ಸವೆಯಬೇಕಾಗಿ ಬಂದಾಗ ತಾನು ಸವೆದು ಕಲ್ಲನ್ನು ಉಳಿಸುತ್ತದೆ. ಸೂಕ್ಷ್ಮ ಬಿರುಕುಗಳಲ್ಲಿ ಇಳಿದ ನೀರು ಸ್ವಲ್ಪ ಸುಣ್ಣವನ್ನು ಕರಗಿಸಿ, ಒಣಗುವಾಗ ಅದನ್ನು ಅಲ್ಲಿಯೇ ಬಿಟ್ಟುಹೋಗುವುದರಿಂದ ಬಿರುಕು ತನ್ನಷ್ಟಕ್ಕೆ ಮುಚ್ಚಿಕೊಳ್ಳುವುದೂ ಉಂಟು. ಇದರ ರಸಾಯನಶಾಸ್ತ್ರವನ್ನು ನಾವು ಪ್ರೌಢಶಾಲೆಯಲ್ಲಿ ಪಾಠ ಮಾಡುತ್ತಲೇ ಇದ್ದೇವೆ. ಕಪ್ಪೆಚಿಪ್ಪೆಂದರೆ ಬಹುಮಟ್ಟಿಗೆ ಕ್ಯಾಲ್ಸಿಯಂ ಕಾರ್ಬೊನೇಟು. ಅದರ 100 ಕಿಲೋ ಸುಟ್ಟರೆ 44 ಕಿಲೋ ಇಂಗಾಲದ ಡೈಆಕ್ಸೈಡು ಹಾರಿಹೋಗಿ 56 ಕಿಲೋ ಸುಟ್ಟ ಸುಣ್ಣ ಉಳಿಯುತ್ತದೆ. 18 ಕಿಲೋ ನೀರು ಸೇರಿದರೆ 74 ಕಿಲೋ ಅರಳಿದ ಸುಣ್ಣ. ಅದನ್ನು ಗೋಡೆಗೆ ಬಳಿದ ಮೇಲೆ, ಹಾರಿಹೋಗಿದ್ದಷ್ಟೇ ಇಂಗಾಲದ ಡೈಆಕ್ಸೈಡನ್ನು ಗಾಳಿಯಿಂದ ಮೆಲ್ಲಮೆಲ್ಲನೆ ಹೀರಿ ಮರಳಿ 100 ಕಿಲೋ ಆಗುತ್ತದೆ. ಹೊಳೆಯ ತಳದಲ್ಲಿದ್ದ ಚಿಪ್ಪು ನಮ್ಮ ಗೋಡೆಯ ಮೇಲೆ ಮತ್ತೆ ಚಿಪ್ಪಾಗುತ್ತದೆ. ಹತ್ತನೆಯ ತರಗತಿಯ ಹುಡುಗನು ಈ ಸಮೀಕರಣಗಳನ್ನು ಬರೆದು ಅಂಕ ಗಳಿಸುತ್ತಾನೆ. ಅವನ ಮನೆಯ ಗೋಡೆಯಲ್ಲಿ ಅದೇ ಸಮೀಕರಣ ನಡೆಯುತ್ತಿದೆಯೆಂದು ಅವನಿಗೆ ಯಾರೂ ಹೇಳಿರುವುದಿಲ್ಲ, ಏಕೆಂದರೆ ಹೇಳಬೇಕಾದವನಿಗೂ ಅದು ತಿಳಿಯದು.

ಇಲ್ಲಿ ನನ್ನ ನಿಜವಾದ ತಕರಾರು ಪ್ರಾರಂಭವಾಗುತ್ತದೆ. ತಪ್ಪು ಸಲಹೆಗೆ ನಾವು ಬಲಿಯಾಗುವುದು ಪುಸ್ತಕಜ್ಞಾನ ಸಾಲದೆ ಅಲ್ಲ, ಕೈಜ್ಞಾನ ಇಲ್ಲದೆ. ಒಂದು ಚದರ ಗಜ ಗೋಡೆಯನ್ನು ತಾನೇ ಸಾರಿಸಿದವನಿಗೆ, ಯಾವ ಗೋಡೆ ನೀರು ಬೇಡುತ್ತದೆ, ಯಾವ ಗಾರೆ ಕಲ್ಲನ್ನು ಹಿಡಿಯುತ್ತದೆ, ಯಾವುದು ಹಿಡಿದಂತೆ ನಟಿಸುತ್ತದೆ ಎಂಬುದು ಬೆರಳ ತುದಿಗೆ ತಿಳಿದಿರುತ್ತದೆ. ಅಂಥವನನ್ನು ಯಾವ ಜಾಹೀರಾತೂ ಮರುಳುಗೊಳಿಸಲಾರದು. ಕರಣೆಯನ್ನೇ ಹಿಡಿಯದವನಾದರೋ ಚೀಲದ ಮೇಲೆ ಅಚ್ಚಾದುದನ್ನು ಓದಿ ನಂಬುತ್ತಾನೆ. ಓದು ಬಲ್ಲುದೇ ಅವನಿಗೆ ಶತ್ರುವಾಗುತ್ತದೆ.

“ಅದು ನಮ್ಮಿಂದಾಗುವ ಕೆಲಸವಲ್ಲ” ಎಂದು ತಲೆಯಾಡಿಸುವ ಮಹನೀಯರಿಗೆ ಒಂದು ಪ್ರಶ್ನೆ. ತಮ್ಮ ಬಾಲ್ಯದ ಮನೆಯ ನೆಲವನ್ನು ಸಾರಿಸುತ್ತಿದ್ದವರಾರು? ಸೆಗಣಿಗೆ ಮಸಿ ಕಲಸಿ, ಅಂಗೈಯಿಂದ ಅರ್ಧಚಂದ್ರಾಕಾರವಾಗಿ ಬಳಿದು, ನುಣುಪಾದ ಕಲ್ಲಿನಿಂದ ಉಜ್ಜಿ, ಕನ್ನಡಿಯಂತೆ ಹೊಳೆಯುವ ನೆಲ ಮಾಡುತ್ತಿದ್ದವರು ನಮ್ಮ ಅಜ್ಜಿಯರು, ಅತ್ತೆಯರು, ತಾಯಂದಿರು. ಮಣ್ಣಿನ ಜಗಲಿಯ ಅಂಚನ್ನು ದಾರ ಹಿಡಿದಂತೆ ನೇರವಾಗಿ ತೀಡುತ್ತಿದ್ದವರೂ ಅವರೇ. ಗೋಡೆಯ ಕೆಲಸಕ್ಕೆ ನಮ್ಮ ಸೀಮೆಯಲ್ಲಿ ‘ಸಾರಣೆ’ ಎಂಬ ಹೆಸರು ಬಂದಿರುವುದೇ ‘ಸಾರಿಸು’ ಎಂಬ ಆ ಕ್ರಿಯೆಯಿಂದ. ಮನೆಯ ಅರ್ಧ ಜನ ನಿತ್ಯವೂ ಮಾಡುತ್ತಿದ್ದ ಕೆಲಸವನ್ನು, ಉಳಿದರ್ಧ ಜನ ಬಿ.ಎ., ಬಿ.ಎಡ್. ಆದಮೇಲೆ ಅಸಾಧ್ಯವೆಂದು ಕರೆಯುವುದನ್ನು ಕೇಳಿದರೆ ನಗು ಬರುತ್ತದೆ. ಅಸಾಧ್ಯವಲ್ಲ, ಅವಮಾನವೆಂದು ತೋರುತ್ತದೆ, ಅಷ್ಟೆ. ಕೆಸರು ಮೆತ್ತಿದ ಕೈ ಕೀಳು, ಪುಸ್ತಕ ಹಿಡಿದ ಕೈ ಮೇಲು ಎಂಬ ಜಾತಿಯ ಲೆಕ್ಕಾಚಾರವು ಹಾಜರಿಪುಸ್ತಕದಿಂದ ಅಳಿದಿದ್ದರೂ ನಮ್ಮ ಮನಸ್ಸಿನಿಂದ ಅಳಿದಿಲ್ಲ. ತರಗತಿಯಲ್ಲಿ ಸಮಾನತೆಯ ಪಾಠ ಹೇಳಿ, ಮನೆಯ ಅಂಗಳದಲ್ಲಿ ಗಾರೆ ಕಲಸುವವನಿಗೆ ಬೇರೆ ಲೋಟದಲ್ಲಿ ಚಹಾ ಕೊಡುವ ಮನೆಗಳನ್ನು ನಾನು ಕಂಡಿದ್ದೇನೆ.

1937ರ ಅಕ್ಟೋಬರದಲ್ಲಿ ವಾರ್ಧಾದಲ್ಲಿ ನೆರೆದ ಶಿಕ್ಷಣ ಸಮ್ಮೇಳನದಲ್ಲಿ ಗಾಂಧೀಜಿಯವರು ಕೈಕಸಬಿನ ಮೂಲಕವೇ ವಿದ್ಯೆ ಬರಬೇಕೆಂದು ಮಂಡಿಸಿದರು. ಜಾಕಿರ್ ಹುಸೇನರ ಸಮಿತಿ ಅದಕ್ಕೆ ಪಠ್ಯಕ್ರಮವನ್ನೂ ರಚಿಸಿತು. ಆ ಮೂಲಶಿಕ್ಷಣದ ಗತಿ ಏನಾಯಿತೆಂಬುದನ್ನು ವಾಚಕರು ಬಲ್ಲರು. ಅಷ್ಟು ದೂರ ಹೋಗುವುದೂ ಬೇಡ. ನಮ್ಮವರೇ ಆದ ಕಯ್ಯಾರ ಕಿಞ್ಞಣ್ಣ ರೈಗಳು ಶಾಲೆಯಲ್ಲಿ ಪಾಠ ಹೇಳುತ್ತಲೇ ಹೊಲತೋಟಗಳಲ್ಲಿ ದುಡಿದವರು. ತಮ್ಮ ಆತ್ಮಕಥೆಗೆ ‘ದುಡಿತವೇ ನನ್ನ ದೇವರು’ ಎಂದೇ ಹೆಸರಿಟ್ಟರು. ನಮ್ಮ ಶಾಲೆಗಳಲ್ಲಿ ಅವರ ಭಾವಚಿತ್ರಕ್ಕೆ ಹಾರ ಹಾಕುತ್ತೇವೆ. ಹಾರ ಹಾಕುವ ಮೊಳೆಯನ್ನು ಹೊಡೆಯುವುದಕ್ಕೂ ಕೆಲಸದವನನ್ನು ಕರೆಸುತ್ತೇವೆ.

ಇನ್ನೊಂದು ವಿನೋದವನ್ನು ನೋಡಿರಿ. ಶಿಕ್ಷಕನ ಕೈಯಲ್ಲಿ ದಿನವಿಡೀ ಇರುವ ವಸ್ತುವಿಗೆ ಕನ್ನಡದಲ್ಲಿ ಸೀಮೆಸುಣ್ಣವೆಂದು ಹೆಸರು. ಎಂದರೆ ಪರಸೀಮೆಯಿಂದ ಬಂದ ಸುಣ್ಣ. ಅದರ ಹುಡಿ ಬೆರಳಿಗೆ, ಅಂಗಿಗೆ, ಮೂಗಿಗೆ ಮೆತ್ತಿದರೆ ನಮಗೆ ಅವಮಾನವಾಗುವುದಿಲ್ಲ. ಅದು ವೃತ್ತಿಯ ಚಿಹ್ನೆ. ಊರ ಸುಣ್ಣ ಮೆತ್ತಿದರೆ ಮಾತ್ರ ಮೈಲಿಗೆ!

“ನೀವೇ ಗೋಡೆ ಸಾರಿಸಹೊರಟರೆ ಆ ಕೆಲಸದವರ ಹೊಟ್ಟೆಯ ಮೇಲೆ ಹೊಡೆದಂತಾಗದೇ?” ಎಂಬ ಆಕ್ಷೇಪವನ್ನು ಹಲವರು ಎತ್ತುತ್ತಾರೆ. ಕರುಣೆಯ ಮಾತಿನಂತೆ ಕೇಳಿಸುವುದರಿಂದ ಇದಕ್ಕೆ ಉತ್ತರ ಹೇಳಲೇಬೇಕು. ಸುಣ್ಣದ ಕೆಲಸ ಬಲ್ಲ ಮೇಸ್ತ್ರಿಯ ಹೊಟ್ಟೆಯ ಮೇಲೆ ಹೊಡೆದವರು ಈಗಾಗಲೇ ಹೊಡೆದಾಗಿದೆ. ಅವನನ್ನು ಬಿಟ್ಟು ಸಿಮೆಂಟಿಗೆ ಹೋದ ನಾವೇ ಹೊಡೆದವರು. ಅವನ ಕೈಕಸಬಿಗೆ ಬೆಲೆ ಬರಬೇಕಾದರೆ ಆ ಕಸಬು ಏನೆಂಬುದನ್ನು ತಿಳಿದ ಗಿರಾಕಿ ಬೇಕು. ನಮ್ಮ ಹಳೆಯ ಮನೆಯ ಚಾವಡಿಯ ನಾಲ್ಕು ಗೋಡೆಗಳನ್ನು ಎರಡು ಬೇಸಗೆಯ ರಜೆಗಳಲ್ಲಿ ನಾನು ಸಾರಿಸಿದಾಗ, ಪ್ರಾರಂಭದ ಮೂರು ದಿನ ಒಬ್ಬ ವೃದ್ಧ ಮೇಸ್ತ್ರಿಯನ್ನು ಕರೆಸಿ, ಕೆಲಸ ಮಾಡುವುದಕ್ಕಲ್ಲ, ಕಲಿಸುವುದಕ್ಕೆ, ಪೂರ್ತಿ ದಿನಗೂಲಿ ಕೊಟ್ಟು ಕುಳ್ಳಿರಿಸಿಕೊಂಡೆ. ಅವರು ಮೊದಲ ದಿನ ನನ್ನ ಕೈಗೆ ಕರಣೆಯನ್ನೇ ಕೊಡಲಿಲ್ಲ. “ಮಾಷ್ಟ್ರೇ, ಮೊದಲು ಗೋಡೆಗೆ ನೀರು ಕುಡಿಸಿ. ಅದರ ಬಾಯಾರಿಕೆ ತೀರದೆ ನೀವು ಏನು ಕೊಟ್ಟರೂ ಅದು ಉಗುಳುತ್ತದೆ” ಎಂದರು. ಆ ಒಂದು ವಾಕ್ಯಕ್ಕೆ ನಾನು ಕೊಟ್ಟ ಕೂಲಿ ಕಡಿಮೆಯೆಂದೇ ಇಂದಿಗೂ ನನ್ನ ಎಣಿಕೆ. ಜೀವಮಾನವಿಡೀ ಕಲಿಸಬಲ್ಲವರಾಗಿದ್ದರೂ ಅವರನ್ನು ಯಾರೂ ಗುರುಗಳೆಂದು ಕರೆದಿರಲಿಲ್ಲ.

ಕೆಲಸದ ಕ್ರಮವನ್ನು ಇಲ್ಲಿ ಬರೆಯುತ್ತೇನೆ. ಬರಿಯ ವಾದದಿಂದ ಯಾವ ಗೋಡೆಯೂ ನೆಟ್ಟಗಾಗಿಲ್ಲ.

ಮೊದಲು ಗೋಡೆಯನ್ನು ಮುಟ್ಟಬಾರದು, ಮಾಡನ್ನು ನೋಡಬೇಕು. ಹಂಚು ಒಡೆದಿದೆಯೇ, ಸೂರಿನ ನೀರು ಗೋಡೆಯ ಬುಡಕ್ಕೆ ಬೀಳುತ್ತಿದೆಯೇ, ವರ್ಷಗಳಿಂದ ಮಣ್ಣು ತುಂಬಿ ಅಂಗಳದ ಮಟ್ಟ ಒಳನೆಲಕ್ಕಿಂತ ಮೇಲೇರಿದೆಯೇ? ಇವನ್ನು ಸರಿಪಡಿಸದೆ ಸಾರಣೆ ಮಾಡುವುದು ಜ್ವರಕ್ಕೆ ಮದ್ದು ಕೊಡದೆ ಹಣೆಗೆ ಗಂಧ ಹಚ್ಚಿದ ಹಾಗೆ. ಅನಂತರ ಬೆರಳ ಗಂಟಿನಿಂದ ಗೋಡೆಯುದ್ದಕ್ಕೂ ತಟ್ಟುತ್ತ ಹೋಗಬೇಕು. ಟೊಳ್ಳು ಸದ್ದು ಬಂದಲ್ಲಿ ಸಾರಣೆ ಕಲ್ಲನ್ನು ಬಿಟ್ಟಿದೆಯೆಂದು ಅರ್ಥ. ಅಷ್ಟನ್ನು ಮಾತ್ರ ತೆಗೆಯಬೇಕು. ಗಟ್ಟಿ ಸದ್ದು ಕೊಡುವ ಹಳೆಯ ಸುಣ್ಣದ ಸಾರಣೆಯನ್ನು ಕೆದಕುವುದು ಪಾಪ. ಕಲ್ಲುಗಳ ಸಂದಿನಲ್ಲಿ ಸಡಿಲಾದ ಮಣ್ಣನ್ನು ಅರ್ಧ ಅಂಗುಲ ಆಳಕ್ಕೆ ಕೆರೆದು, ಹುಡಿಯನ್ನು ತೆಂಗಿನ ನಾರಿನ ಕುಂಚದಿಂದ ಉದುರಿಸಿ, ಹಿಂದಿನ ಸಂಜೆಯೂ ಆ ದಿನ ಬೆಳಿಗ್ಗೆಯೂ ನೀರು ಚಿಮುಕಿಸಬೇಕು. ಗೋಡೆ ತೊಟ್ಟಿಕ್ಕಬಾರದು, ತಣ್ಣಗಿರಬೇಕು.

ಸುಣ್ಣದ ವಿಷಯದಲ್ಲಿ ಅವಸರ ಸಲ್ಲದು. ಸುಟ್ಟ ಸುಣ್ಣವನ್ನು ತಂದರೆ ಅಗಲವಾದ ತೊಟ್ಟಿಯಲ್ಲಿ ಮೊದಲು ನೀರು ತುಂಬಿ, ಆ ನೀರಿಗೆ ಸುಣ್ಣವನ್ನು ಸ್ವಲ್ಪಸ್ವಲ್ಪವೇ ಹಾಕಬೇಕು. ಸುಣ್ಣದ ರಾಶಿಯ ಮೇಲೆ ನೀರು ಹೊಯ್ದರೆ ಅದು ಸಿಡಿದು ಕಣ್ಣನ್ನೇ ಕಳೆಯಬಹುದು. ಈ ಕೆಲಸದ ಹತ್ತಿರ ಹುಡುಗರನ್ನು ಬಿಡಲೇಕೂಡದು. ದೊಡ್ಡವರೂ ಕನ್ನಡಕ ಧರಿಸಬೇಕು. ಕುದಿತ ಅಡಗಿದ ಮೇಲೆ ಸೋಸಿ, ಮೇಲೆ ನಾಲ್ಕು ಬೆರಳು ನೀರು ನಿಲ್ಲುವಂತೆ ಮುಚ್ಚಿಡಬೇಕು. ಹದಿನೈದು ದಿನ ತೀರ ಕನಿಷ್ಠ, ಹೆಚ್ಚಾದಷ್ಟೂ ಒಳ್ಳೆಯದು. ಮೂರು ವರ್ಷ ಹಳೆಯದಾಗದ ಸುಣ್ಣವನ್ನು ಬಳಸಬಾರದೆಂದು ಹಿಂದಿನ ಕಾಲದ ಕಟ್ಟಡದ ಕಟ್ಟಳೆಯಲ್ಲಿತ್ತೆಂದು ರೋಮಿನ ಪ್ಲಿನಿ ಬರೆದಿದ್ದಾನೆ. ಅಷ್ಟು ಕಾಯುವ ಪುರುಸೊತ್ತು ನಮಗಿಲ್ಲದಿದ್ದರೂ ಎರಡು ತಿಂಗಳು ಕಾಯಬಾರದೇ? ಸುಡುವ ಸುಣ್ಣದ ಗೊಡವೆ ಬೇಡವೆನ್ನುವವರು ಅಂಗಡಿಯ ಅರಳಿದ ಸುಣ್ಣದ ಹುಡಿಯನ್ನು ಒಂದೆರಡು ದಿನ ನೀರಿನಲ್ಲಿ ನೆನೆಯಿಟ್ಟು ಬೆಣ್ಣೆಯಂತೆ ಮಾಡಿಕೊಳ್ಳಬಹುದು. ಒಳಗೋಡೆಗೆ ಅದು ಧಾರಾಳ ಸಾಕು.

ಹೊಯಿಗೆಯು ಹೊಳೆಯದಾಗಿರಲಿ, ಕಡಲಿನದು ಬೇಡ. ಅದರ ಉಪ್ಪು ಗೋಡೆಗೆ ಶತ್ರು. ಹೊಳೆಯ ಹೊಯಿಗೆ ದುರ್ಲಭವಾದೆಡೆ ಕಲ್ಲು ಪುಡಿಮಾಡಿದ ಹೊಯಿಗೆಯನ್ನು ತೊಳೆದು ಬಳಸಬಹುದು. ಸುಣ್ಣ ಒಂದು ಪಾಲು, ಹೊಯಿಗೆ ಮೂರು ಪಾಲು ಎಂದು ಮೇಸ್ತ್ರಿಗಳು ಹೇಳುವುದೇಕೆಂಬುದನ್ನು ತರಗತಿಯಲ್ಲಿಯೇ ತೋರಿಸಬಹುದು. ಒಂದು ಪಾತ್ರೆಯ ತುಂಬ ಒಣಗಿದ ಹೊಯಿಗೆ ತೆಗೆದುಕೊಂಡು, ಅಳತೆಯ ಲೋಟದಿಂದ ನೀರು ಹೊಯ್ಯುತ್ತ ಹೋಗಿರಿ. ನೀರು ಅಂಚಿಗೆ ಬರುವಷ್ಟರಲ್ಲಿ ಪಾತ್ರೆಯ ಸುಮಾರು ಮೂರನೆಯ ಒಂದು ಪಾಲಿನಷ್ಟು ನೀರು ಹಿಡಿದಿರುತ್ತದೆ. ಕಾಳುಗಳ ನಡುವೆ ಇದ್ದ ತೆರಪು ಅಷ್ಟು. ಆ ತೆರಪನ್ನು ತುಂಬುವುದೇ ಸುಣ್ಣದ ಕೆಲಸ. ಅಂಟು ಕಡಿಮೆಯಾದರೆ ಗಾರೆ ಉದುರುತ್ತದೆ, ಹೆಚ್ಚಾದರೆ ಬಿರಿಯುತ್ತದೆ. ಹೀಗೆ ತೋರಿಸಿದ ಅನುಪಾತವನ್ನು ಮಕ್ಕಳು ಮರೆಯಲಾರರು. ಗಣಿತದ ಮಾಸ್ತರರಿಗೆ ಇನ್ನೊಂದು ಲೆಕ್ಕ: ಹತ್ತಡಿ ಉದ್ದ, ಹತ್ತಡಿ ಎತ್ತರದ ಗೋಡೆಗೆ ಅರ್ಧ ಅಂಗುಲ ದಪ್ಪದ ಸಾರಣೆಗೆ ಗಾರೆ ಎಷ್ಟು ಬೇಕು? 100 ಚದರಡಿಯನ್ನು 24ರಿಂದ ಭಾಗಿಸಿದರೆ 4 ಘನ ಅಡಿಗಿಂತ ಸ್ವಲ್ಪ ಹೆಚ್ಚು. ಪುಸ್ತಕದ ಉತ್ತರ ಅಲ್ಲಿಗೆ ಮುಗಿಯಿತು. ಮುರಕಲ್ಲಿನ ತಗ್ಗುದಿಣ್ಣೆಗಳು ಇನ್ನೂ ಒಂದೂವರೆ ಎರಡು ಘನ ಅಡಿ ನುಂಗುತ್ತವೆಂಬುದು ಗೋಡೆಯ ಉತ್ತರ.

ಬೆಲ್ಲದ ನೀರು, ಅಳಲೆಕಾಯಿಯ ರಸ, ಕೋಳಿಮೊಟ್ಟೆಯ ಬಿಳಿಯ ಲೋಳೆ ಎಂದು ದೊಡ್ಡ ಪಟ್ಟಿಯನ್ನು ಹೇಳಿ ಹೆದರಿಸುವವರಿದ್ದಾರೆ. ಅರಮನೆ ದೇಗುಲಗಳ ಕೆಲಸದಲ್ಲಿ ಇವುಗಳಿಗೆ ಸ್ಥಾನವಿದ್ದುದು ನಿಜ. ಆದರೆ ಗುಟ್ಟಿನ ಮದ್ದಿನಂತೆ ಇವನ್ನು ಬಣ್ಣಿಸಿ, ಇದಿಲ್ಲದೆ ಸುಣ್ಣದ ಕೆಲಸವೇ ಆಗದೆನ್ನುವುದು ಕಲಿಯುವವನ ಉತ್ಸಾಹಕ್ಕೆ ತಣ್ಣೀರೆರಚುವ ಉಪಾಯ. ಸಾಮಾನ್ಯ ಚಾವಡಿಗೆ ಸುಣ್ಣ, ಹೊಯಿಗೆ, ಬೆರಳುದ್ದ ಕತ್ತರಿಸಿದ ಒಂದಿಷ್ಟು ತೆಂಗಿನ ನಾರು ಸಾಕು. ತೇವ ಹೆಚ್ಚಿರುವ ಬುಡಭಾಗಕ್ಕೆ, ಅತಿಯಾಗಿ ಬೇಯದ ಒಡಕು ಹಂಚನ್ನು ಕುಟ್ಟಿ ಜರಡಿ ಹಿಡಿದ ಹುಡಿ, ಎಂದರೆ ಸುರ್ಕಿ, ಸೇರಿಸಿದರೆ ಸುಣ್ಣವು ಗಾಳಿಯನ್ನೇ ಕಾಯದೆ ಪಸೆಯಲ್ಲಿಯೂ ಗಟ್ಟಿಯಾಗುತ್ತದೆ. 1865ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದಂದಿನಿಂದ ಒಡಕು ಹಂಚಿಗೆ ನಮ್ಮ ಹಿತ್ತಿಲುಗಳಲ್ಲಿ ಬರಗಾಲವಿಲ್ಲ.

ಗಾರೆಯನ್ನು ಗೋಡೆಗೆ ಹಚ್ಚುವಾಗ ಹೊಸಬನು ಮಣಿಕಟ್ಟಿನಿಂದ ಮಾಡಲು ಹೋಗಿ ಹತ್ತು ನಿಮಿಷದಲ್ಲಿ ಸೋಲುತ್ತಾನೆ. ತೋಳು ಹೆಗಲಿನಿಂದಲೇ ಚಲಿಸಬೇಕು. ಕರಣೆಯ ಮುಂದಿನ ಅಂಚನ್ನು ತುಸು ಎತ್ತಿ ಹಿಡಿದು, ಕೆಳಗಿನಿಂದ ಮೇಲಕ್ಕೆ ಒತ್ತುತ್ತ ಎಳೆಯಬೇಕು, ಬಳಿಯುವುದಲ್ಲ, ಒತ್ತುವುದು. ಒಂದು ಸಲಕ್ಕೆ ಕಿರುಬೆರಳ ಅರ್ಧ ದಪ್ಪಕ್ಕಿಂತ ಹೆಚ್ಚು ಹಾಕಬಾರದು. ಅದು ಬಿಗಿಯುವಾಗ ಮೂಡುವ ಸಣ್ಣ ಬಿರುಕುಗಳನ್ನು ನೋಡಿ ಧೈರ್ಯಗೆಡಬೇಕಾಗಿಲ್ಲ. ಬೆರಳಿನ ಗುರುತು ಬೀಳದಷ್ಟು ಗಟ್ಟಿಯಾದಾಗ ಹಿಡಿಯುಳ್ಳ ಮರದ ಹಲಗೆಯಿಂದ ಒತ್ತಿ ತೀಡಿದರೆ ಅವು ಮುಚ್ಚುತ್ತವೆ. ಮೇಲಿನ ಪದರ ಹಿಡಿದುಕೊಳ್ಳಲೆಂದು ಮೈಯನ್ನು ಗೀರಿ, ಒಂದು ವಾರ ಒದ್ದೆ ಗೋಣಿ ತೂಗಹಾಕಿ, ಅನಂತರ ಎರಡನೆಯದನ್ನು ಹಾಕಬೇಕು. ಕೊನೆಯ ಪದರಕ್ಕೆ ಸಣ್ಣ ಜರಡಿಯ ಹೊಯಿಗೆ. ದಪ್ಪ ಎರಡು ಮೂರು ಮಿಲಿಮೀಟರು. ಎಲ್ಲ ಆದಮೇಲೆ ತೆಳ್ಳಗಿನ ಸುಣ್ಣದ ನೀರನ್ನು ಮೂರು ನಾಲ್ಕು ಸಲ ಬಳಿಯುವುದು. ಪ್ಲಾಸ್ಟಿಕ್ ಬಣ್ಣ ಹಚ್ಚಿದಿರೋ, ಇದುವರೆಗೆ ಪಟ್ಟ ಶ್ರಮವೆಲ್ಲ ಹೊಳೆಯ ಪಾಲು.

ಸಿಮೆಂಟಿನವನು ಮೂರು ದಿನದಲ್ಲಿ ಮುಗಿಸುವ ಕೋಣೆಗೆ ಇದರಿಂದ ಮೂರು ನಾಲ್ಕು ವಾರ ಹಿಡಿಯುತ್ತದೆಂಬುದನ್ನು ನಾನು ಮರೆಮಾಚುವುದಿಲ್ಲ. ಆದರೆ ಅಷ್ಟು ದಿನವೂ ಕೆಲಸವಿರುವುದಿಲ್ಲ, ಕಾಯುವುದಿರುತ್ತದೆ. ಹಾಗೆಯೇ ಎಲ್ಲವನ್ನೂ ತಾನೇ ಮಾಡಬೇಕೆಂಬ ಹಠವೂ ಬೇಡ. ಗೋಡೆ ವಾಲಿದ್ದರೆ, ಬಿರುಕಿನಲ್ಲಿ ಬೆರಳು ಹೋಗುವಂತಿದ್ದರೆ, ಅಟ್ಟಣಿಗೆ ಕಟ್ಟಿ ಏರಬೇಕಾಗಿದ್ದರೆ ಅನುಭವಸ್ಥ ಮೇಸ್ತ್ರಿಯನ್ನೇ ಕರೆಯಬೇಕು. ನೆಲದಲ್ಲಿ ನಿಂತು ಕೈಗೆಟಕುವಷ್ಟು ಎತ್ತರದವರೆಗೆ ನಮ್ಮ ರಾಜ್ಯ. ತೇವದ ಕಾಟ ಇರುವುದೂ ಬಹುಮಟ್ಟಿಗೆ ಅಷ್ಟರೊಳಗೇ.

ಕೆಡವುವವರ ಬಗ್ಗೆ ಇಷ್ಟು ಹೇಳಿದ ಮೇಲೆ, ಹಳತನ್ನು ಪ್ರೀತಿಸುತ್ತೇವೆನ್ನುವವರ ಒಂದು ಹೊಸ ಚಾಳಿಯನ್ನೂ ಹೇಳಬೇಕು. ಸಾರಣೆಯನ್ನೆಲ್ಲ ಕೆತ್ತಿ ತೆಗೆದು, ಮುರಕಲ್ಲನ್ನು ಬೆತ್ತಲೆ ಮಾಡಿ, ಮೇಲೆ ಹೊಳೆಯುವ ವಾರ್ನಿಶು ಬಳಿದು, “ಸಹಜ ಸೌಂದರ್ಯ” ಎನ್ನುತ್ತಾರೆ. ಇಂಗ್ಲೆಂಡಿನಲ್ಲಿಯೂ ಹಳೆಯ ದೇವಾಲಯಗಳ ಸಾರಣೆಯನ್ನು ಕೆರೆದು ಕಲ್ಲು ತೋರಿಸುವ ಹುಚ್ಚು ಒಂದು ಕಾಲಕ್ಕೆ ಹರಡಿದ್ದಿತು. ಅದನ್ನು ತಡೆಯಲೆಂದು ವಿಲಿಯಂ ಮಾರಿಸ್ ಎಂಬ ಕವಿ 1877ರಲ್ಲಿ ಒಂದು ಸಂಘವನ್ನೇ ಕಟ್ಟಿದನು. ಅದಕ್ಕೆ ‘ಕೆರೆಯುವುದರ ವಿರೋಧಿ ಸಂಘ’ವೆಂದೇ ಅಡ್ಡಹೆಸರು ಬಿದ್ದಿತು. ಆ ಕವಿ ಸ್ವತಃ ಬಟ್ಟೆಗೆ ಬಣ್ಣ ಹಾಕಲು, ಮಗ್ಗದಲ್ಲಿ ನೇಯಲು ಕಲಿತವನು. ಕವಿಯಾದವನ ಕೈ ನೀಲಿಯ ತೊಟ್ಟಿಯಲ್ಲಿ ಮುಳುಗಿದರೆ ಕವಿತ್ವ ಕರಗಲಿಲ್ಲ.

ಕನ್ನಡದ ಹೆಸರಿನಲ್ಲಿ ಸೇರಿರುವ ನಮಗೆ ಇದರಲ್ಲಿ ಇನ್ನೂ ಒಂದು ಕರ್ತವ್ಯವಿದೆ. ಕರಣೆ, ತೂಗುಗುಂಡು, ರಸಮಟ್ಟ, ಗಾರೆ, ಗಚ್ಚು, ಸಾರಣೆ: ಇವು ನಿಘಂಟು ನೋಡಿ ಕಲಿತ ಶಬ್ದಗಳಲ್ಲ, ಕೆಲಸ ಮಾಡಿ ಕಲಿತವು. ಸುಣ್ಣವೆಂಬ ಮಾತೇ ಸಂಸ್ಕೃತದ ಚೂರ್ಣದಿಂದ ಬಂದು ನಮ್ಮದಾದ ತದ್ಭವವೆಂದು ವ್ಯಾಕರಣದ ತರಗತಿಯಲ್ಲಿ ಹೇಳುತ್ತೇವೆ. ಕೆಲಸ ನಿಂತ ದಿನ ಶಬ್ದವೂ ನಿಲ್ಲುತ್ತದೆ. ಇಂದು ನಮ್ಮ ಕನ್ನಡ ಶಾಲೆಯ ಮಗುವಿಗೆ ಕರಣೆ ತೋರಿಸಿ ಹೆಸರು ಕೇಳಿದರೆ ಉತ್ತರ ಬಾರದು. ಗೋಡೆಯ ಕೆಲಸಕ್ಕೆ ಅದು ಕೇಳಿಬಲ್ಲ ಹೆಸರು ಮಲಯಾಳದ ‘ತೇಪ್ಪು’ ಅಥವಾ ಇಂಗ್ಲಿಷಿನ ‘ಪ್ಲಾಸ್ಟರಿಂಗ್’. ಮಲಯಾಳವನ್ನಾಗಲಿ ಇಂಗ್ಲಿಷನ್ನಾಗಲಿ ದೂಷಿಸಿ ಫಲವಿಲ್ಲ. ಅವು ನಮ್ಮ ಬಾಯಿಂದ ಶಬ್ದವನ್ನು ಕಿತ್ತುಕೊಳ್ಳಲಿಲ್ಲ, ನಾವು ಕೈಬಿಟ್ಟ ಸ್ಥಳದಲ್ಲಿ ಬಂದು ಕುಳಿತವು. ಭಾಷೆಯ ಉಳಿವಿಗಾಗಿ ಠರಾವು ಮಾಡುವ ನಮ್ಮ ಸಭೆಗಳು, ವರ್ಷಕ್ಕೆ ಒಂದು ಸಲವಾದರೂ ಯಾವುದಾದರೂ ಹಳೆಯ ಶಾಲೆಯ ಒಂದು ಗೋಡೆಯ ಮುಂದೆ, ಕೈಯಲ್ಲಿ ಕರಣೆ ಹಿಡಿದು ನಡೆಯಲಿ. ಶಾಲೆಗಳ ವೃತ್ತಿ ಪರಿಚಯ ಮೇಳಗಳಿಗೆ ಮಕ್ಕಳನ್ನು ಸಿದ್ಧಗೊಳಿಸುವವರು, ಸೀಮೆಸುಣ್ಣ ತಯಾರಿಸುವುದನ್ನು ಕಲಿಸುವಾಗ ಊರ ಸುಣ್ಣದ ಬೋಗುಣಿಯೊಂದನ್ನೂ ಪಕ್ಕದಲ್ಲಿ ಇಡಲಿ.

ಹೊರಗೋಡೆಗೆ ಡಿಸೆಂಬರಿನ ಹತ್ತು ದಿನಗಳ ರಜೆ ಅನುಕೂಲ. ಬಿಸಿಲು ಹಿತವಾಗಿದ್ದು ಮಳೆಯ ಭಯವಿರುವುದಿಲ್ಲ. ಒಳಗೋಡೆಗೆ ಏಪ್ರಿಲು ಮೇ ತಿಂಗಳ ರಜೆಯಾಗಬಹುದು, ಆದರೆ ಗೋಣಿಯನ್ನು ದಿನಕ್ಕೆ ಮೂರು ಸಲ ನೆನೆಸಬೇಕು. ಏಪ್ರಿಲಿನಲ್ಲಿ ಕರಣೆ ಹಿಡಿಯುವ ಮನಸ್ಸಿರುವವರು ಫೆಬ್ರವರಿಯೊಳಗೆ ಸುಣ್ಣವನ್ನು ನೀರಿಗೆ ಹಾಕಿಡಬೇಕು.